ಸುಶಿ ಹೋಟೆಲಿನ ಗೋಡೆಯ ಮೇಲೆ ಗುಣವತಿ

ಕಾಪು ಮೀನು ಮಾರುಕಟ್ಟೆಯಲ್ಲಿ ಗುಣವತಿ ಕೂರುವ ಜಾಗಕ್ಕೆ ಬೋರ್ಡಿಲ್ಲ. ಬೇಕಾಗಿಯೂ ಇಲ್ಲ. ಬಂಗುಡೆ ನಿನ್ನೆಯದಾದರೆ "ನಿನ್ನೆಯದ್ದು, ಹುಳಿ ಸ್ವಲ್ಪ ಜಾಸ್ತಿ ಹಾಕಿ" ಎಂದು ಹೇಳಿಯೇ ಕೊಡುವ ಹೆಂಗಸು ಆ ಸಾಲಿನಲ್ಲಿ ಅವಳೊಬ್ಬಳೇ. ಅತ್ತೆಯ ಬುಟ್ಟಿಯನ್ನು ಹತ್ತೊಂಬತ್ತನೇ ವಯಸ್ಸಿಗೆ ತಲೆಗೇರಿಸಿಕೊಂಡವಳಿಗೆ ಈಗ ಐವತ್ತೇಳು. ಇಷ್ಟರಲ್ಲಿ ಬುಟ್ಟಿ ಹೋಗಿ ಥರ್ಮೊಕೋಲ್ ಪೆಟ್ಟಿಗೆ ಬಂದಿದೆ, ಮಂಡಿಗೆ ನೋವು ಬಂದಿದೆ. ಮಾತು ಮಾತ್ರ ಒಮ್ಮೆಯೂ ಕೊಳೆತದ್ದಿಲ್ಲ.

ಆ ಹೆಸರು ಕೇಳಿಯೇ ಎರಡು ವರ್ಷದ ಹಿಂದೆ ಆಲ್ವಿನ್ ಅವಳನ್ನು ಹುಡುಕಿಕೊಂಡು ಬಂದದ್ದು. ಬಹರೈನಿನ ಹೋಟೆಲುಗಳಲ್ಲಿ ದುಡಿದು ಮರಳಿದ್ದ ಅವನು ಮಣಿಪಾಲದಲ್ಲಿ ಸುಶಿ ಹೋಟೆಲು ತೆರೆಯುವವನಿದ್ದ.

"ಅನ್ನದ ಸಣ್ಣ ಉಂಡೆ ಅಕ್ಕ, ಅದರ ಮೇಲೆ ಹಸಿ ಮೀನಿನ ತುಂಡು. ಜಪಾನಿನವರ ತಿಂಡಿ."

"ಹಸಿಯಾ? ಬೇಯಿಸದೆ?"

"ಬೇಯಿಸದೆ."

"ಎಂತ, ಅವರಲ್ಲಿ ಗ್ಯಾಸ್ ಮುಗಿದಿದೆಯಾ? ನಮ್ಮ ಮನೆಯ ಬೆಕ್ಕು ಕೂಡ ಎರಡು ಸಲ ಮೂಸಿ ಮತ್ತೆ ಬಾಯಿ ಹಾಕ್ತದೆ ಮಾರಾಯ."

ಆಲ್ವಿನ್ ನಗಲಿಲ್ಲ. "ಅದಕ್ಕೇ ನಿಮ್ಮ ಹತ್ತಿರ ಬಂದದ್ದು. ಬೇಯಿಸಿದರೆ ಮಸಾಲೆ ಎಲ್ಲ ತಪ್ಪನ್ನೂ ಮುಚ್ಚುತ್ತದೆ. ಹಸಿ ತಿನ್ನುವವನಿಗೆ ಮೀನು ಕೊಟ್ಟವರ ಮೇಲೆ ನಂಬಿಕೆ ಬೇಕು. ನಿಮ್ಮನ್ನು ಬಿಟ್ಟು ಬೇರೆ ಯಾರುಂಟು ಹೇಳಿ?"

ಇಷ್ಟು ವರ್ಷಗಳ ಪ್ರಾಮಾಣಿಕತೆಗೆ ಗುಣವತಿಗೆ ಸಿಕ್ಕಿದ ಮೊದಲ ಸರ್ಟಿಫಿಕೇಟು ಅದು. ಅಂದಿನಿಂದ, ಪೇಟೆಯವರು ಟ್ಯೂನಾ ಎನ್ನುವ ಕೆಂಪು ಮಾಂಸದ ಕೇದರ್ ಮೀನು ಬಂದರೆ ಅದರಲ್ಲಿ ಮೊದಲ ಆಯ್ಕೆ ಆಲ್ವಿನ್‌ಗೆ. ಅವಳೇ ಆರಿಸಿ, ರಕ್ತ ಇಳಿಯಲು ಕತ್ತಿನ ಕೆಳಗೆ ಎರಡು ಗೀರು ಹಾಕಿ, ಬಾಳೆ ಎಲೆ ಸುತ್ತಿ, ಐಸಿನಲ್ಲಿ ಹೂತು ಗಂಡ ಅಣ್ಣುವಿನ ರಿಕ್ಷಾದಲ್ಲಿ ಕಳಿಸುವಳು. ಹಳೆಯ ಗಿರಾಕಿಗಳು ಕೇಳಿದರೆ "ಇವತ್ತು ಕೇದರ್ ಬರಲಿಲ್ಲ" ಎನ್ನುವಳು. ಪೆಟ್ಟಿಗೆಯ ತಳದಲ್ಲಿ ಕೇದರ್ ಮಲಗಿರುತ್ತಿತ್ತು.

ಒಂದು ದಿನ ಆಲ್ವಿನ್ ಕ್ಯಾಮರಾದವನನ್ನು ಕರೆತಂದ. ಗುಣವತಿ ಮದುವೆಮನೆಗೆ ಉಡುವ ನೀಲಿ ಸೀರೆ ಉಟ್ಟು, ಎರಡೂ ಕೈಯಲ್ಲಿ ಮೀನು ಹಿಡಿದು ನಿಂತಳು. ಒಂದು ಕಾಗದಕ್ಕೆ ಸಹಿಯನ್ನೂ ಹಾಕಿದಳು. ಅದರಲ್ಲಿ ಏನಿದೆಯೆಂದು ಕೇಳಲಿಲ್ಲ. ಮೀನಿನ ಕಿವಿರು ಎತ್ತಿ ನೋಡುವವಳಿಗೆ ಮನುಷ್ಯರ ಕಿವಿರು ಎತ್ತಿ ನೋಡುವ ಅಭ್ಯಾಸವಿರಲಿಲ್ಲ.

ಆ ಹೋಟೆಲಿಗೆ ಅವಳು ಒಮ್ಮೆಯೂ ಹೋದದ್ದಿಲ್ಲ. ಹೋಗುವಂತೆ ಮಾಡಿದ್ದು ತಂಗಿಯ ಮಗಳು ಆಶ್ರಿತಾ. ನಿಟ್ಟೆಯ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುವ ಅವಳು, ಸುಶಿ ತಿಂದವರು ಮಾತ್ರ ಸುಶಿಕ್ಷಿತರು ಎಂದು ನಂಬಿರುವ ತಲೆಮಾರಿನವಳು.

"ದೊಡ್ಡಮ್ಮ, ನಮ್ಮ ಹಾಸ್ಟೆಲಿನಲ್ಲಿ ಎಲ್ಲರೂ ಮಣಿಪಾಲದ್ದಕ್ಕಿಂತ ಕಾರ್ಕಳದ ಸುಶಿಯೇ ಒಳ್ಳೆಯದು ಅಂತಾರೆ."

"ಯಾರು ಹೇಳುದು? ನಾನು ಕೊಟ್ಟ ಮೀನಿಗಿಂತ ಒಳ್ಳೆಯದ್ದು ಘಟ್ಟದ ಬುಡದಲ್ಲಿ ಎಲ್ಲಿಂದ ಬಂತು? ನಡಿ, ಎಲ್ಲ ಕಡೆ ತಿಂದೇ ನೋಡುವ."

ಹೀಗೆ ಮೂರು ಭಾನುವಾರ ಮೂರು ಹೋಟೆಲು. ರುಚಿ, ಪ್ರಮಾಣ, ಸರ್ವಿಸು ಎಂದು ಆಶ್ರಿತಾ ಮೊಬೈಲಿನಲ್ಲಿ ಅಂಕಪಟ್ಟಿ ಮಾಡಿಕೊಂಡಳು. ಗುಣವತಿಯ ಮನಸ್ಸಿನಲ್ಲಿ ಫಲಿತಾಂಶ ಮೊದಲೇ ಪ್ರಕಟವಾಗಿತ್ತು.

ಕಾರ್ಕಳದ ಸುಶಿಯನ್ನು ಹಾಸ್ಟೆಲ್ ಹೊಟ್ಟೆಗಳ ಅಳತೆ ತೆಗೆದೇ ಹೊಲಿದಂತಿತ್ತು. ಹನ್ನೆರಡು ದಪ್ಪ ತುಂಡು, ಒಳಗೆ ಕರಿದ ಕೋಳಿ, ಮೇಲೆ ಸುಣ್ಣ ಬಳಿದ ಹಾಗೆ ಮಯೊನೈಸ್. ನಂಬರು ಕೂಗಿದಾಗ ನಾವೇ ಎದ್ದು ಹೋಗಿ ತರಬೇಕು. ಗುಣವತಿ ಒಂದು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದು ಪತ್ರೊಡೆಯನ್ನು ಕಾನ್ವೆಂಟಿಗೆ ಕಳಿಸಿದ ಹಾಗೆ ಉಂಟು. ಪ್ರಮಾಣಕ್ಕೆ ಒಂಬತ್ತು ಹಾಕು. ಸರ್ವಿಸಿಗೆ ಮೂರು. ಅದೂ ನಾನು ನಡೆದದ್ದಕ್ಕೆ."

ಉಡುಪಿಯಲ್ಲಿ ಶುದ್ಧ ಸಸ್ಯಾಹಾರಿ ಸುಶಿ. ಮೀನಿನ ಜಾಗದಲ್ಲಿ ಮಟ್ಟುಗುಳ್ಳ ಎಂಬ ಬದನೆಯ ಹೋಳು. ಕೂರುವ ಮೊದಲೇ ನೀರು ಬಂತು, ಕೂತ ಮೇಲೆ ಎರಡು ಸಲ "ಶುಂಠಿ ಬೇಕಾ ಅಮ್ಮ?" ಎಂದು ಕೇಳಿದರು. ಮೀನಿಲ್ಲದ ಸುಶಿ ಎಂದರೆ ಮದುಮಗನಿಲ್ಲದ ದಿಬ್ಬಣ ಎಂದು ಆಶ್ರಿತಾ ಮೂಗು ಮುರಿದಳು. ಗುಣವತಿ ಪೂರ್ತಿ ತಿಂದಳು.

"ಎಂಟು ಹಾಕು. ಗುಳ್ಳವನ್ನು ಗುಳ್ಳ ಅಂತ ಹೇಳಿಯೇ ಕೊಟ್ಟಿದ್ದಾರೆ."

ಮೂರನೇ ಭಾನುವಾರ ಮಣಿಪಾಲ. ಆ ದಿನ ಬೆಳಿಗ್ಗೆ ಸಿಕ್ಕಿದ್ದು ವರ್ಷಕ್ಕೊಮ್ಮೆ ಸಿಗುವಂಥ ಕೇದರ್. ಮಾಂಸ ದಾಸವಾಳದಂತೆ ಕಪ್ಪು ಬೆರೆತ ಕೆಂಪು. ಅದನ್ನು ಅಣ್ಣುವಿನ ರಿಕ್ಷಾಕ್ಕೆ ಹತ್ತಿಸಿ, ಮಧ್ಯಾಹ್ನ ಆಲ್ವಿನ್‌ಗೆ ಹೇಳದೆ ಕೇಳದೆ ಗಿರಾಕಿಯಂತೆ ಹೋಗಿ ಕೂತಳು.

ಗೋಡೆ ತುಂಬ ಅವಳೇ. ನೀಲಿ ಸೀರೆ, ಕೈಯಲ್ಲಿ ಮೀನು, ಕೆಳಗೆ ದಪ್ಪ ಅಕ್ಷರ: 'ಇಂದು ಬೆಳಿಗ್ಗೆ ಕಾಪುವಿನ ಗುಣವತಿಯಕ್ಕ ಆರಿಸಿದ ಮೀನು.' ಮೆನುವಿನಲ್ಲೂ ಅದೇ. ಬಡಿಸುವ ಹುಡುಗಿ ಗೋಡೆಯ ಗುಣವತಿಯನ್ನು ದಿನವೂ ಒರೆಸುವವಳು. ಕುರ್ಚಿಯ ಗುಣವತಿಯ ಗುರುತು ಹತ್ತಲಿಲ್ಲ. ಸೊಂಟ ಬಗ್ಗಿಸಿ ವಂದಿಸಿ, ಬಿಸಿ ಟವೆಲು ಕೊಟ್ಟಳು.

ಕರಿಕಲ್ಲಿನ ತಟ್ಟೆಯಲ್ಲಿ ಆರು ತುಂಡು ಬಂತು. ಸಿಸ್ಟರ್ ಬರುವ ಸದ್ದು ಕೇಳಿ ಅಸೆಂಬ್ಲಿಯಲ್ಲಿ ಸೆಟೆದು ನಿಂತ ಮಕ್ಕಳಂತೆ ಒಂದೇ ಸಾಲು. ಆಶ್ರಿತಾ ಫೋಟೋ ತೆಗೆಯುತ್ತಿದ್ದಳು. ಗುಣವತಿಯ ಕಣ್ಣು ಬಣ್ಣದ ಮೇಲೆ ನಿಂತಿತು. ಕಲ್ಲಂಗಡಿಯ ಗುಲಾಬಿ. ಅನ್ನದ ಮೇಲಿಂದ ಮೀನನ್ನು ಎತ್ತಿ ಬೆರಳಲ್ಲಿ ಒತ್ತಿದಳು. ನೀರು ಒಸರಿತು.

"ಇದು ನನ್ನದಲ್ಲ."

"ದೊಡ್ಡಮ್ಮ, ಮೆಲ್ಲಗೆ!"

"ಇದು ತಿಂಗಳುಗಟ್ಟಲೆ ಐಸಿನಲ್ಲಿ ಮಲಗಿ ಎದ್ದು ಬಂದದ್ದು ಮಗಾ. ಬೆಳಿಗ್ಗೆ ಕಳಿಸಿದ ನನ್ನ ಮೀನು ಎಲ್ಲಿ?"

ಉತ್ತರ ಅಡುಗೆಮನೆಯಲ್ಲಿತ್ತು. ಬಾಗಿಲು ತಳ್ಳಿದಾಗ ಕೆಲಸದವರೆಲ್ಲ ಊಟಕ್ಕೆ ಕೂತಿದ್ದರು. ನಡುವೆ ದೊಡ್ಡ ಪಾತ್ರೆಯಲ್ಲಿ ಕೆಂಪು ಸಾರು, ಸಾರಿನಲ್ಲಿ ಕೇದರಿನ ತಲೆ, ಕತ್ತಿನ ಕೆಳಗೆ ಎರಡು ಗೀರು. ಅಡುಗೆಯ ಡೆನಿಸ್ ಅವಳನ್ನು ಕಂಡು ಸಂತೋಷದಿಂದ ಎದ್ದೇ ನಿಂತ.

"ಅಯ್ಯೋ, ಗುಣವತಿಯಕ್ಕ! ಬನ್ನಿ ಬನ್ನಿ, ಊಟ ಮಾಡುವ. ನಿಮ್ಮ ಮೀನಿನಿಂದ ಎರಡು ವರ್ಷ ನಮಗೆ ದಿನಾ ಹಬ್ಬ ಮಾರ್ರೆ!"

"ಎರಡು ವರ್ಷ?"

"ಮತ್ತೆ! ಹೊರಗೆ ಕೊಡುದೆಲ್ಲ ಫ್ರೀಜರಿನದ್ದು ಅಲ್ವಾ…" ಎಂದ ಡೆನಿಸ್, ಅವಳ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ.

ಆಲ್ವಿನ್ ಓಡಿ ಬಂದ. ಚರ್ಚಿನಲ್ಲಿ ಪಾಪನಿವೇದನೆಯ ಸಾಲಿನಲ್ಲಿ ಹಿಂದೆ ಅಮ್ಮನೇ ನಿಂತಿರುವುದನ್ನು ಕಂಡವನ ಮುಖ.

"ಅಕ್ಕ, ಸಿಟ್ಟಾಗಬೇಡಿ. ಹಸಿ ಮೀನು ರಿಸ್ಕು. ಯಾರಿಗಾದರೂ ಹೊಟ್ಟೆ ಕೆಟ್ಟರೆ? ಫ್ರೀಜರಿನದ್ದಕ್ಕೆ ಏನೂ ಆಗುದಿಲ್ಲ ಅಂತ ಕಂಪೆನಿಯ ಕಾಗದ ಉಂಟು."

"ಆಗಲಿ. ಹಾಗಂತಲೇ ಗೋಡೆಯಲ್ಲಿ ಬರಿ."

"ಫ್ರೀಜರಿನ ಫೋಟೋ ಹಾಕಿದರೆ ಯಾರು ಬರ್ತಾರೆ ಅಕ್ಕ?"

ಅವನು ವ್ಯಂಗ್ಯಕ್ಕೆ ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ಅದೇ ಅವಳಿಗೆ ಹೆಚ್ಚು ತಾಗಿತು.

"ನನ್ನ ಮೀನನ್ನು ಬೇಯಿಸಿದಿ, ಯಾರದ್ದೋ ಮೀನನ್ನು ಹಸಿ ಕೊಟ್ಟಿ. ನಿನಗೆ ಬೇಕಾದದ್ದು ನನ್ನ ಮುಖ ಮಾತ್ರ. ನಿನಗೋಸ್ಕರ, ಮೀನು ಇದ್ದುಕೊಂಡೇ ಇಲ್ಲ ಅಂತ ನನ್ನ ಗಿರಾಕಿಗಳಿಗೆ ಹೇಳಿದೆ ಆಲ್ವಿನ್. ಈ ಬಾಯಿಂದ ಬಂದ ಸುಳ್ಳು ಅದೊಂದೇ." ಸೆರಗಿನಿಂದ ಕೈ ಒರೆಸಿಕೊಂಡಳು. "ಆ ಫೋಟೋ ತೆಗಿ."

ಆಲ್ವಿನ್ ನೆಲ ನೋಡಿದ. "ಐದು ವರ್ಷಕ್ಕೆ ಸಹಿ ಹಾಕಿದ್ದೀರಿ ಅಕ್ಕ."

ಕಾಪುವಿನ ಬಸ್ಸಿನಲ್ಲಿ ಉದ್ಯಾವರ ದಾಟಿದ ಮೇಲೆ ಆಶ್ರಿತಾ ಮೆಲ್ಲನೆ ಕೇಳಿದಳು: "ಇವರಿಗೆ ಮಾರ್ಕು ಎಷ್ಟು ಹಾಕುದು?"

"ಸರ್ವಿಸಿಗೆ ಹತ್ತಕ್ಕೆ ಹತ್ತು. ಅಷ್ಟು ಬಗ್ಗಿ ವಂದಿಸಿ ಮೋಸ ಮಾಡುವವರನ್ನು ನಾನು ನೋಡಿರಲಿಲ್ಲ."

ಸೋಮವಾರದಿಂದ ಮಣಿಪಾಲಕ್ಕೆ ಕೇದರ್ ಹೋಗಲಿಲ್ಲ. ಗೋಡೆಯಿಂದ ಗುಣವತಿಯೂ ಇಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಹಳೆಯ ಗಿರಾಕಿ, ನಿವೃತ್ತ ಶಿಕ್ಷಕಿ ಶಾರ್ಲೆಟ್ ಚೀಲ ಹಿಡಿದು ಬಂದರು. ಮುಖದಲ್ಲಿ ದೊಡ್ಡ ನಗು.

"ನಿನ್ನೆ ಮಗಳು ಸುಶಿ ತಿನ್ನಿಸಲಿಕ್ಕೆ ಕರ್ಕೊಂಡು ಹೋಗಿದ್ದಳು ಗುಣವತಿ. ಹಸಿ ಮೀನು ಬಾಯಿಗೆ ಇಡಲಿಕ್ಕೇ ಹೆದರಿಕೆ. ಆಗ ಗೋಡೆಯಲ್ಲಿ ನಿನ್ನನ್ನು ನೋಡಿದೆ. ಮತ್ತೆ ಎಂತ ಹೆದರಿಕೆ! ಕಣ್ಣು ಮುಚ್ಚಿ ತಿಂದೆ."

"ಅದು ನನ್ನ ಮೀನಲ್ಲ ಟೀಚರ್."

"ತಮಾಷೆ ಮಾಡ್ಬೇಡ. ಫೋಟೋ ಉಂಟಲ್ಲ!"

"ಫೋಟೋ ನನ್ನದು. ಮೀನು ಫ್ರೀಜರಿನದ್ದು. ಎರಡು ವರ್ಷ ಹಾಗೇ ಮಾಡಿದ್ದಾರೆ."

ಶಾರ್ಲೆಟ್ ಟೀಚರರ ನಗು ನಿಧಾನಕ್ಕೆ ಇಳಿಯಿತು. "ಎರಡು ವರ್ಷವೂ ನಿನಗೆ ಗೊತ್ತೇ ಇರಲಿಲ್ಲವಾ?"

ಗುಣವತಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಟೀಚರ್ ಬಂಗುಡೆಯ ರಾಶಿಯ ಮೇಲೆ ಬಗ್ಗಿ, ಮೂವತ್ತೆಂಟು ವರ್ಷಗಳಲ್ಲಿ ಆ ಜಾಗದಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದರು.

"ಇದು ಇವತ್ತಿನದ್ದೇ ಅಲ್ವಾ?"

"ಇವತ್ತಿನದ್ದೇ ಟೀಚರ್" ಎಂದಳು ಗುಣವತಿ. ಅವಳ ದನಿ ಅವಳಿಗೇ ಜಾಹೀರಾತಿನಂತೆ ಕೇಳಿಸಿತು.