ಪುಟ್ಟರಾಜು ನೋಡದ ಗೋಲು

ಹಾಸನದ ಆಲೂಗಡ್ಡೆ ಮಾರುಕಟ್ಟೆಗೆ ಹೋಗಿ ಬೂವನಹಳ್ಳಿ ಪುಟ್ಟರಾಜು ಯಾರಪ್ಪಾ ಅಂತ ಕೇಳಿ ನೋಡಿ, ಹತ್ತು ಕೈ ಒಂದೇ ಕಡೆ ತಿರುಗುತ್ತವೆ. ಮೂಟೆಯ ಬಾಯಿ ಬಿಚ್ಚಿ, ನಾಲ್ಕು ಗೆಡ್ಡೆ ಅಂಗೈಯಲ್ಲಿ ಹೊರಳಿಸಿ, ಇದು ದಪ್ಪ, ಇದು ಮಧ್ಯಮ, ಇದು ಬಿತ್ತನೆಗೂ ಬೇಡ ಎಂದು ವಿಂಗಡಿಸಿಬಿಡುವ ಆಸಾಮಿ. ಬೆಳೆದವನೂ ಬೈಯಬೇಕು, ಕೊಳ್ಳುವವನೂ ಬೈಯಬೇಕು; ಆಗಲೇ ತೀರ್ಪು ಸರಿಯಾಗಿದೆ ಎಂದು ಅವನ ನಂಬಿಕೆ.

ಭಾನುವಾರ ಬಂತೆಂದರೆ ಅದೇ ಮನುಷ್ಯ ಕಪ್ಪು ಚಡ್ಡಿ ತೊಟ್ಟು, ಕೊರಳಿಗೆ ಸೀಟಿ ಇಳಿಬಿಟ್ಟು ಫುಟ್‌ಬಾಲ್ ರೆಫ್ರಿಯಾಗುತ್ತಿದ್ದ. ಇಪ್ಪತ್ತೇಳು ವರ್ಷದಿಂದ ಸುತ್ತಿನ ನಾಲ್ಕು ತಾಲ್ಲೂಕಿಗೂ ಅವನದೇ ಸೀಟಿ. ಯಾರು ಎಷ್ಟು ಕೂಗಿದರೂ ಅವನದು ಒಂದೇ ಮಾತು: "ನೋಡಿದ್ದು ಕೊಡ್ತೀನಿ, ನೋಡದ್ದು ಕೊಡಲ್ಲ. ಓಗ್ಲಾ ಆಡೋಗು!"

ಆದರೆ ಒಂದು ವರ್ಷದಿಂದ ಅವನ ಬಲಗಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಆಪರೇಷನ್ ಮಾಡಿಸು ಅಂದಿದ್ದರು. ಅದು ಗೊತ್ತಿದ್ದದ್ದು ಹೆಂಡತಿ ಅನಸೂಯಮ್ಮನಿಗೆ ಮಾತ್ರ.

"ಆಪ್ರೇಸನ್ ಅಂದ್ರೆ ಊರೆಲ್ಲ ಗೊತ್ತಾಯ್ತದೆ ಕಣೇ. ಕಣ್ ಕಾಣದ ರೆಫ್ರಿ ಅಂದ್ಬುಟ್ಟು ಕರೆಯೋದೇ ಬುಡ್ತಾರೆ" ಎಂದು ಅವನು ಮುಂದೂಡುತ್ತಲೇ ಇದ್ದ.

"ಲೋಟ ಬಿಟ್ಟು ಪಕ್ಕಕ್ಕೆ ಸಕ್ಕರೆ ಸುರೀತೀರಲ್ಲ, ಅದನ್ನ ನಾನೊಬ್ಳೇ ನೋಡ್ತಿರೋದು, ನಿಮ್ ಪುಣ್ಯ!" ಅನ್ನುತ್ತಿದ್ದಳು ಅನಸೂಯಮ್ಮ.

ಹೀಗಿರುವಾಗ ಹೊಳೆನರಸೀಪುರದ ಪಂದ್ಯಾವಳಿ ಬಂತು. ಅದರ ಅಧ್ಯಕ್ಷರು ಗೊಬ್ಬರದ ಅಂಗಡಿ ಪರಮಶಿವಯ್ಯನವರು. ವಿಶ್ವಕಪ್ಪನ್ನು ಮೊಬೈಲಿನಲ್ಲಿ ನೋಡಿ ನೋಡಿ ಅವರಿಗೊಂದು ಹುಚ್ಚು ಹತ್ತಿತ್ತು.

"ಈ ಸಲ ಫೈನಲ್‌ಗೆ ಟೀವಿ ತೀರ್ಪು ಕಣಯ್ಯಾ ಪುಟ್ಟರಾಜು. ಒಂದೊಂದು ಟೀಮಿಗೆ ಒಂದೊಂದು ಚಾನ್ಸು. ಅನುಮಾನ ಬಂದ್ರೆ ಕ್ಯಾಪ್ಟನ್ ಕೈ ಎತ್ತೋದು, ನೀನು ಬಂದು ಟೀವೀಲಿ ನೋಡೋದು. ನಿಂದು ತಪ್ಪಾದ್ರೆ ಮುಂದಿನ್ ವರ್ಷ ಮೈಸೂರಿಂದ ರೆಫ್ರಿ ಕರಸ್ತೀನಿ, ನೋಡ್ಕೊ!"

ಪರಮಶಿವಯ್ಯನವರು ನಕ್ಕುಕೊಂಡೇ ಅಂದರು. ಪುಟ್ಟರಾಜುವೂ ನಕ್ಕ. ಮನೆಗೆ ಬಂದ ಮೇಲೆ ಎಡಗಣ್ಣು ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರಿನ ತಾರೀಖು ಓದಲು ನೋಡಿದ.

ಕ್ಯಾಮೆರಾ ಹಿಡಿಯಲು ಚನ್ನರಾಯಪಟ್ಟಣದಿಂದ ರಜನೀಶ ಬಂದ. ಮದುವೆ ವಿಡಿಯೋ ತೆಗೆಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಮೈದಾನದ ಬದಿಯಲ್ಲಿ ಅಟ್ಟಣೆ ಕಟ್ಟಿಸಿಕೊಂಡು ಮೇಲೆ ಕೂತ. ಶಾಮಿಯಾನದ ಕೆಳಗೆ ದೊಡ್ಡ ಟೀವಿ ಇಟ್ಟರು.

ಅರಕಲಗೂಡಿಗೂ ಹರದನಹಳ್ಳಿಗೂ ಫೈನಲ್. ಇಬ್ಬರದೂ ಒಂದೊಂದು ಗೋಲು, ಇನ್ನು ಮೂರೇ ನಿಮಿಷ. ಇಳಿಬಿಸಿಲು ಹರದನಹಳ್ಳಿ ಗೋಲಿನ ಹಿಂದಿನಿಂದ ನೇರವಾಗಿ ಪುಟ್ಟರಾಜುವಿನ ಕಣ್ಣಿಗೇ ಹೊಡೆಯುತ್ತಿತ್ತು. ಅರಕಲಗೂಡಿನ ಕ್ಯಾಪ್ಟನ್ ಸಂಜಯ್ ಎಲ್ಲಿಂದಲೋ ನುಗ್ಗಿ ಬಂದು ಒದ್ದ ನೋಡಿ! ಚೆಂಡು ಮೇಲಿನ ಅಡ್ಡಕಂಬಕ್ಕೆ ಬಡಿದು ನೆಟ್ಟಗೆ ಕೆಳಗೆ ಬಿದ್ದು ಪುಟಿಯಿತು, ಹರದನಹಳ್ಳಿಯ ಗೋಲ್‌ಕೀಪರ್ ಬಾಚಿ ತಬ್ಬಿಕೊಂಡ. ಪುಟ್ಟರಾಜುವಿಗೆ ಕಂಡದ್ದು ಹಾಲು ಚೆಲ್ಲಿದ ಹಾಗೆ ಒಂದು ಬಿಳುಪು, ಅಷ್ಟೇ. ಕಣ್ಣುಜ್ಜಿಕೊಂಡು ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಗೋಲು ಸಾ! ಗೆರೆ ದಾಟಿ ಒಳಕ್ ಬಿತ್ತು!" ಎಂದು ಸಂಜಯ್ ಓಡಿಬಂದ.

"ಗೆರೆ ಮ್ಯಾಲೇ ಬಿತ್ತು. ನಾನೇ ನೋಡ್ದೆ" ಅಂದುಬಿಟ್ಟ ಪುಟ್ಟರಾಜು.

ಇಪ್ಪತ್ತೇಳು ವರ್ಷದಲ್ಲಿ ಅವನು ಸೀಟಿ ಕೈಯಲ್ಲಿ ಹಿಡಿದು ಆಡಿದ ಮೊದಲನೆಯ ಸುಳ್ಳು ಅದು.

ಸಂಜಯ್ ಕೈ ಎತ್ತಿದ. ಜನವೆಲ್ಲ ಹೋ ಎಂದು ಶಾಮಿಯಾನಕ್ಕೆ ನುಗ್ಗಿತು, ಆಟಗಾರರು ಹಿಂದೆ. ರಜನೀಶ ವಿಡಿಯೋ ಹಿಂದಕ್ಕೆ ಓಡಿಸಿ ಹಚ್ಚಿದ. ಸಂಜಯ್ ಒದ್ದ, ಚೆಂಡು ಹಾರಿತು, ಕಂಬಕ್ಕೆ ಬಡಿಯಿತು. ಅಷ್ಟರಲ್ಲಿ ಚೆಂಡೇ ಮಾಯ! ಟೀವಿ ತುಂಬ ಜನವೋ ಜನ. ಬಾಯಿ ಬಿಟ್ಟವರು, ಟವಲ್ ಬೀಸುವವರು, ಕಡಲೆಕಾಯಿ ಬಿಡಿಸುವವರು.

"ಲೇ ರಜನೀಸಾ, ಚೆಂಡೆಲ್ಲಲಾ?" ಎಂದು ಪರಮಶಿವಯ್ಯನವರು ಕೂಗಿದರು.

ರಜನೀಶ ತಲೆ ಕೆರೆದುಕೊಂಡ. "ಕೈ ತಪ್ಪೋಯ್ತು ಸಾ. ಮದ್ವೇಲಿ ತಾಳಿ ಕಟ್ಟಿದ ತಕ್ಷಣ ಅಕ್ಷತೆ ಹಾಕೋರ್ ಕಡೆ ತಿರುಗ್ಸೋದು ಅಭ್ಯಾಸ. ಇಲ್ದಿದ್ರೆ ನೆಂಟರು ಸುಮ್ನೆ ಬಿಡ್ತಾರಾ, ನಮ್ ಮುಖ ಎಲ್ಲಿ ಅಂತ ಜಗಳ ಆಡ್ತಾರೆ."

ಇಡೀ ಶಾಮಿಯಾನ ಬಿದ್ದು ಬಿದ್ದು ನಕ್ಕಿತು. "ನಾನಲ್ವೇನ್ಲಾ ಅದು!" "ಇನ್ನೊಂದ್ಸಲ ಹಾಕ್ಲಾ!" ಎಂದು ತಮ್ಮ ತಮ್ಮ ಮುಖ ಹುಡುಕಿಕೊಂಡರು.

"ಸರಿ ಬುಡ್ರಪ್ಪ, ಟೀವೀಲಿ ಏನೂ ಸಿಗ್ಲಿಲ್ಲ. ಪುಟ್ಟರಾಜು ಏಳಿದ್ದೇ ತೀರ್ಪು" ಎಂದರು ಪರಮಶಿವಯ್ಯ.

ಅಲ್ಲಿಗೆ ಪುಟ್ಟರಾಜು ಗೆದ್ದಹಾಗೆಯೇ. ಆದರೆ ಆ ಜನರ ಮುಂದೆ, ಮೈದಾನದೊಳಗೆ, ಟೀವಿಯ ಎಡಮೂಲೆಯಲ್ಲಿ, ಅವನಿಗೊಂದು ಮುಖ ಕಂಡಿತ್ತು. ಕಪ್ಪು ಚಡ್ಡಿಯ ಒಬ್ಬ ಮನುಷ್ಯ ಎರಡು ಕಣ್ಣೂ ಮುಚ್ಚಿಕೊಂಡು, ಮುಂಗೈಯಿಂದ ಕಣ್ಣುಜ್ಜಿಕೊಳ್ಳುತ್ತಿದ್ದ. ಬೇರೆ ಯಾರೂ ಅದನ್ನು ಗಮನಿಸಿರಲಿಲ್ಲ. ಸುಮ್ಮನೆ ಮೈದಾನಕ್ಕೆ ಇಳಿದರೆ ಆಗಿಹೋಗುತ್ತಿತ್ತು. ಎರಡು ಹೆಜ್ಜೆ ಇಟ್ಟ. ಮೂರನೆಯದು ಏಳಲಿಲ್ಲ.

"ರಜನೀಸಾ, ಅಲ್ಲೇ ನಿಲ್ಸು. ಎಲ್ರೂ ಆ ಎಡಮೂಲೇಲಿ ನೋಡ್ರಪ್ಪ. ಅದು ನಾನು. ನಾನು ನೋಡೇ ಇಲ್ಲ. ನೋಡ್ದೆ ಅಂದಿದ್ದು ಸುಳ್ಳು. ಕಣ್ಗೆ ಪೊರೆ ಬಂದದೆ."

ಇಷ್ಟು ಹೇಳಿ ಅವನು ಯಾರ ಮುಖವನ್ನೂ ನೋಡದೆ ನೇರ ಗೋಲಿನ ಬಾಯಿಗೆ ನಡೆದ. ಧೂಳು ಏಳದಿರಲೆಂದು ಬೆಳಗ್ಗೆ ಅಲ್ಲಿ ಟ್ಯಾಂಕರ್ ನೀರು ಬಿಟ್ಟಿದ್ದರು, ನೆಲ ಇನ್ನೂ ಮೆತ್ತಗಿತ್ತು. ಕುಕ್ಕರುಗಾಲಿನಲ್ಲಿ ಕೂತು, ಗೆಡ್ಡೆ ತಡವುವ ಹಾಗೆ ಬೆರಳಿನಿಂದ ಮಣ್ಣು ತಡವಿದ. ಸುಣ್ಣದ ಗೆರೆ ಒಂದಿಷ್ಟೂ ಕದಡಿರಲಿಲ್ಲ. ಅದರಾಚೆ, ಗೋಲಿನ ಒಳಗೆ, ಒಂದು ಗೇಣು ದೂರಕ್ಕೆ ಬಟ್ಟಲಿನಂಥ ದುಂಡನೆಯ ಕುಳಿ ಬೆರಳಿಗೆ ಸಿಕ್ಕಿತು. ಇಬ್ಬರು ಕ್ಯಾಪ್ಟನ್‌ಗಳನ್ನೂ ಕರೆದು ಮುಟ್ಟಿಸಿದ. ಹರದನಹಳ್ಳಿಯ ಗೋಲ್‌ಕೀಪರ್ ಕಡೆ ತಿರುಗಿ, "ಒಳಕ್ ಬಿದ್ದಿದ್ದು ನಿಂಗೆ ಗೊತ್ತಿತ್ತೇನ್ಲಾ?" ಅಂದ.

"ಗೊತ್ತಿತ್ತು ಸಾ."

"ಮತ್ಯಾಕ್ಲಾ ಏಳ್ಲಿಲ್ಲ?"

"ನೀವ್ ಕೇಳ್ಲಿಲ್ವಲ್ಲ ಸಾ! ನಾನೇ ನೋಡ್ದೆ ಅಂದ್ಬುಟ್ರಿ!"

ಹರದನಹಳ್ಳಿಯವರಿಗೇ ನಗು ತಡೆಯಲಾಗಲಿಲ್ಲ. ಪುಟ್ಟರಾಜು ಸೀಟಿ ಊದಿ ನಡುಗೆರೆಯತ್ತ ಕೈ ತೋರಿಸಿದ. ಗೋಲು. ಉಳಿದ ಮೂರು ನಿಮಿಷದಲ್ಲಿ ಇನ್ನೊಂದು ಗೋಲು ಬೀಳಲಿಲ್ಲ, ಅರಕಲಗೂಡು ಗೆದ್ದಿತು.

ಬಹುಮಾನ ಕೊಟ್ಟಾದ ಮೇಲೆ ಅವನು ಸೀಟಿ ಬಿಚ್ಚಿ ಪರಮಶಿವಯ್ಯನವರ ಮುಂದೆ ಇಟ್ಟ. "ಮೈಸೂರೋರ್ಗೆ ಏಳಿ ಕಳ್ಸಿ ಸಾ."

ಪರಮಶಿವಯ್ಯನವರು ಸೀಟಿಯನ್ನು ಮುಟ್ಟಲಿಲ್ಲ, ಸೋತ ಹರದನಹಳ್ಳಿಯ ಕ್ಯಾಪ್ಟನ್ ಕಡೆ ನೋಡಿದರು. ಆ ಹುಡುಗ ಇನ್ನೂ ಮುಖ ಊದಿಸಿಕೊಂಡೇ ಅಂದ:

"ಮೈಸೂರೋನು ಬಂದ್ರೆ ನಮ್ ಮಣ್ಣು ಮುಟ್ಟಿ ನೋಡ್ತಾನಾ ಸಾ? ಇವ್ರೇ ಇರ್ಲಿ. ಕಣ್ಣೊಂದು ರಿಪೇರಿ ಮಾಡಿಸ್ಕಳ್ಲಿ."

"ಕೇಳ್ದೇನಯ್ಯಾ? ಕಣ್ಣು ಮಾಡಿಸ್ಕೊಂಡು ಬಂದು ಈಸ್ಕೊ. ಅಲ್ಲೀಗಂಟ ಇದು ನಮ್ ಅಂಗಡೀಲಿರ್ತದೆ" ಎಂದು ಪರಮಶಿವಯ್ಯನವರು ಆಗ ಸೀಟಿಯನ್ನು ಜೇಬಿಗಿಳಿಸಿದರು.

ಮಾರನೆಯ ಬೆಳಗ್ಗೆ ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ ಗಂಡ ಹೆಂಡತಿ ಕೂತಿದ್ದರು. ಅನಸೂಯಮ್ಮನ ಮೊಬೈಲಿಗೆ ರಜನೀಶ ವಿಡಿಯೋ ಕಳಿಸಿದ್ದ, ಮದುವೆಯ ನಾದಸ್ವರವನ್ನೂ ಜೋಡಿಸಿ. ಅವಳು ನೋಡಿದ್ದನ್ನೇ ನೋಡಿ ನಗುತ್ತಿದ್ದಳು.

"ಸಾಕು ಆರ್ಸೇ, ಜನ ನೋಡ್ತಾವ್ರೆ."

"ನೋಡ್ಲಿ ಬುಡಿ. ನೀವೊಬ್ರೇ ಅಲ್ವಾ ಕಣ್ ಮುಚ್ಕಂಡಿದ್ದು?"

ಒಳಗಿನಿಂದ ನರ್ಸು ಅವನ ಹೆಸರು ಕೂಗಿದಳು. ಪುಟ್ಟರಾಜು ಎದ್ದವನು ಅಭ್ಯಾಸಬಲದಿಂದ ಸೀಟಿಗೆಂದು ಕೊರಳು ತಡವಿಕೊಂಡು, ನಕ್ಕು, ಒಳಕ್ಕೆ ನಡೆದ.