ಇಕಾಮಾಕ್ಕೊಂದು ಎರವಲು ದನಿ

ದಮ್ಮಾಮಿನಲ್ಲಿ ನನ್ನ ಇಕಾಮಾ ನಿಂತುಹೋದದ್ದಕ್ಕೆ ಸೌದಿ ಸರಕಾರವಾಗಲಿ, ನಮ್ಮ ಕಂಪನಿಯಾಗಲಿ ಕಾರಣವಲ್ಲ. ಕಾರಣ ನನ್ನ ಗಂಟಲು. ಇದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಕಥೆ ಮುಗಿಯುವ ಹೊತ್ತಿಗೆ ನೀವು ಹೇಗೂ ಅಲ್ಲಿಗೇ ಬರುತ್ತೀರಿ.

ಇಕಾಮಾ ಎಂದರೆ ಪರದೇಶಿಗಳಿಗೆ ಅಲ್ಲಿ ಇರಲು ಕೊಡುವ ಪರವಾನಗಿ ಕಾರ್ಡು. ಅಂಗೈಯಷ್ಟೂ ಇಲ್ಲ, ವರ್ಷವರ್ಷವೂ ಹೊಸದು ಮಾಡಿಸಬೇಕು. ಆದರೆ ಅದರ ಅವಧಿ ಮುಗಿಯಿತೆಂದರೆ ಮನುಷ್ಯ ಅಲ್ಲಿ ಇದ್ದೂ ಇಲ್ಲದವನು. ಊರಿಗೆ ಹೊರಡುತ್ತೇನೆಂದರೂ ಬಿಡುವುದಿಲ್ಲ. ನನ್ನದು ಮುಗಿಯುತ್ತ ಬಂದಾಗಲೇ ದೋರನಹಳ್ಳಿಯಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಅಪ್ಪ ಇಲ್ಲದ ಮನೆ. ಧಾರೆಗೆ ನಿಲ್ಲಬೇಕಾದವನು ನಾನು. ಅವ್ವ ದಿನಾ ಫೋನು: “ಕಾರ್ಡ್ ಬಂತೇನೋ ಶರಣು? ನಮ್ಮ ರೇಷನ್ ಕಾರ್ಡಿಗೂ ಇಷ್ಟ್ ಕಾಯಿಸಿದ್ದಿಲ್ಲ ನೋಡು.” ಹಿಂದಿನಿಂದ ತಂಗಿ: “ನೀ ಬರ್ಲಿಲ್ಲಂದ್ರ ನಾ ಅಕ್ಕಿಕಾಳ ಹಾಕಿಸ್ಕೊಳ್ಳಂಗಿಲ್ಲ.”

ಪರದೇಶಿ ಎಂಬ ಪದದ ಮೇಲೆ ನನಗೆ ಸ್ವಲ್ಪ ಅಧಿಕಾರವಿದೆ. ನಮ್ಮ ಕಡೆ ಕಾಲುವೆ ಬಂದ ಮೇಲೆ ಆಂಧ್ರದವರು ಬಂದು ಭತ್ತ ಹಾಕಿದರು, ಕ್ಯಾಂಪು ಕಟ್ಟಿಕೊಂಡರು. ಕ್ಯಾಂಪಿನ ಸುಬ್ಬಯ್ಯ ಕನ್ನಡ ಮಾತಾಡಿದರೆ ನಾನು ಅವರ ಬೆನ್ನ ಹಿಂದೆಯೇ ಹಾಗೆ ಮಾತಾಡಿ ತೋರಿಸುತ್ತಿದ್ದೆ, ಊರು ನಗುತ್ತಿತ್ತು. ಹೆಡ್‌ಮಾಸ್ತರರ ಕೆಮ್ಮು, ಯಾದಗಿರಿ ಬಸ್ಸಿನ ಕಂಡಕ್ಟರನ ಸೀಟಿ, ನಮ್ಮವ್ವನ ನಿಟ್ಟುಸಿರು, ಯಾವುದನ್ನೂ ಬಿಟ್ಟವನಲ್ಲ. ಸುಬ್ಬಯ್ಯನವರ ಮೊಮ್ಮಕ್ಕಳು ಈಗ ನನಗಿಂತ ಗಟ್ಟಿಯಾಗಿ ನಮ್ಮೂರಿನವರು. ದಮ್ಮಾಮಿನ ಬೇಕರಿಯಲ್ಲಿ ನಾನು ಅರಬ್ಬಿಯಲ್ಲಿ ರೊಟ್ಟಿ ಕೇಳಿದರೆ ಅಲ್ಲಿಯ ಹುಡುಗರು ನನ್ನ ಹಾಗೆಯೇ ಕೇಳಿ ತೋರಿಸುತ್ತಾರೆ. ಚೆನ್ನಾಗಿಯೇ ಮಾಡುತ್ತಾರೆ, ಕಲಾವಿದನಾಗಿ ಮೆಚ್ಚಲೇಬೇಕಾಯಿತು.

ನಮ್ಮ ಕಂಪನಿಯ ಕಾಗದಪತ್ರ ಓಡಾಡಿಸುವವರು ಖಾಜಾ ಚಾಚಾ, ಸುರಪುರದವರು. ಇದು ಸಣ್ಣ ಸಂಗತಿಯಲ್ಲ. ಕೃಷ್ಣಾ ಕಾಲುವೆ ಮೊದಲು ಸುರಪುರಕ್ಕೆ ನೀರು ಕೊಟ್ಟು, ಅವರು ಬಿಟ್ಟಷ್ಟನ್ನು ಶಹಾಪುರದ ಕಡೆಯ ನಮಗೆ ತರುತ್ತದೆ. “ಊರಾಗ ನೀರು ಹಿಡೀತೀರಿ, ಇಲ್ಲಿ ಕಾಗದ ಹಿಡೀತೀರಿ ಚಾಚಾ” ಎಂದರೆ, “ನಿಮ್ಮ ಶಹಾಪುರದೋರ ಬಾಯಿಗಿ ಇಡೀ ಕೃಷ್ಣಾ ಬಿಟ್ರೂ ಸಾಲಂಗಿಲ್ಲೋ” ಎನ್ನುತ್ತಿದ್ದರು. ಇಕಾಮಾ ಕೇಳಿದರೆ ಒಂದೇ ಉತ್ತರ: “ಕಲ್ ದೇಖಿಂಗೆ.” ನಾಳೆ ನೋಡೋಣ.

ಕಾಲುವೆಯ ತುದಿಯ ಹೊಲದವರ ಗುಣವನ್ನು ಇಲ್ಲಿ ಹೇಳಬೇಕು. ನಮ್ಮ ಕಾಕಾ ಒಮ್ಮೆ ನೀರು ಬರಲಿಲ್ಲವೆಂದು ಸಿಟ್ಟಿನಿಂದ ಹೋಗಿ, ತಾನೇ ತೂಬಿನ ಚಕ್ರ ಜೋರಾಗಿ ತಿರುಗಿಸಿ ಬಂದ. ನೀರು ಬಿಡುವವನು ಅದನ್ನು ಆಗಲೇ ತೆರೆದಿದ್ದ. ಕಾಕಾ ಮುಚ್ಚಿ ಬಂದಿದ್ದ. ಈ ಕಥೆ ಹೇಳಿ ನಾನು ಅದೆಷ್ಟು ಜನರನ್ನು ನಗಿಸಿದ್ದೇನೋ!

ಅದೇ ರಕ್ತ. ಒಂದು ಮಧ್ಯಾಹ್ನ, ಇಕಾಮಾ ಅರ್ಜಿ ತುಂಬಿ ಹಾಕುವ ಟೈಪಿಂಗ್ ಅಂಗಡಿಯ ಮಲಯಾಳಿಗೆ ನಾನೇ ಫೋನು ಹಚ್ಚಿದೆ, ಚಾಚಾನ ದನಿಯಲ್ಲಿ. ಪಾನು ಜಗಿದ ದವಡೆ, ಮೂಗಿನಿಂದ ಬರುವ ಉಸಿರು, ಮಾತಿನ ನಡುವೆ ಮೊಣಕಾಲು ಹಿಡಿದು “ಯಾ ಅಲ್ಲಾ”, ಎಲ್ಲ ಇತ್ತು. “ಆ ದೋರನಹಳ್ಳಿ ಹುಡುಗನ ಅರ್ಜಿ ಇವತ್ತೇ ಹಾಕು” ಎಂದು ಹಿಂದಿಯಲ್ಲಿ ಗದರಿಸಿದೆ. ಅಲ್ಲಿಗೆ ಫೋನು ಇಡಬಹುದಿತ್ತು. ಆದರೆ ಕಲಾವಿದ ಅರ್ಧಕ್ಕೆ ನಿಲ್ಲಿಸುತ್ತಾನೆಯೇ? ಕೊನೆಗೆ ದೊಡ್ಡದಾಗಿ ಉಸಿರು ಬಿಟ್ಟು “ಅಚ್ಛಾ, ಕಲ್ ದೇಖಿಂಗೆ” ಎಂದೂ ಸೇರಿಸಿದೆ. ಕೋಣೆಯ ಗೆಳೆಯರು ಚಪ್ಪಾಳೆ ತಟ್ಟಿದರು.

ಆಮೇಲೆ ತಿಳಿಯಿತು, ಚಾಚಾ ಅಂದು ಬೆಳಿಗ್ಗೆಯೇ ನನ್ನ ಅರ್ಜಿಯನ್ನು ಆ ಅಂಗಡಿಯಲ್ಲಿ ಕೊಟ್ಟು ಬಂದಿದ್ದರು. ಅವನೂ ಕೈಗೆತ್ತಿಕೊಂಡಿದ್ದ. ಆದರೆ ಅವರಿಬ್ಬರ ನಡುವೆ ಒಂದು ಕರಾರಿತ್ತು. ಎದುರಿಗೆ ಕೂತು ಕಾಡುವವರ ಸಮಾಧಾನಕ್ಕೆ ಚಾಚಾ ಫೋನಿನಲ್ಲಿ ಎಷ್ಟೇ ಗದರಿಸಲಿ, ಕೊನೆಗೆ “ಕಲ್ ದೇಖಿಂಗೆ” ಅಂದರೆ, ತಾನು ಮತ್ತೆ ಬಂದು ಹೇಳುವವರೆಗೆ ಆ ಕಾಗದ ಮುಟ್ಟಕೂಡದು. ಅವನು ನಿಷ್ಠೆಯಿಂದ ಎತ್ತಿ ಬದಿಗಿಟ್ಟ. ತೆರೆದ ತೂಬನ್ನು ನಾನೂ ಮುಚ್ಚಿ ಬಂದಿದ್ದೆ.

ಚಾಚಾ ಅಂಗಡಿಗೆ ಹೋಗಿ ವಿಚಾರಿಸಿ ಗುಟ್ಟು ಬಯಲಾದಾಗ ಕಾರ್ಡಿನ ಅವಧಿ ಮುಗಿದಿತ್ತು, ಅವ್ವ ಲಗ್ನಪತ್ರಿಕೆ ಹಂಚಿಯಾಗಿತ್ತು. ಚಾಚಾ ನನ್ನನ್ನು ಕರೆಸಿ ಶಾಂತವಾಗಿ ಕೇಳಿದರು: “ಶರಣು, ನನ್ನ ದನಿ ನನಗ ಹೇಳದಂಗ ಎಲ್ಲೆಲ್ಲಿ ಅಡ್ಡಾಡಾಕತ್ತದಪಾ?” ಯಾರ ದನಿಯಲ್ಲಿ ಉತ್ತರ ಕೊಡಲಿ? ಇದ್ದ ದನಿಗಳೆಲ್ಲ ಒಟ್ಟಿಗೆ ಕೈಕೊಟ್ಟವು. ನನ್ನದೇ ದನಿಯಲ್ಲಿ “ತಪ್ಪಾತ್ರಿ ಚಾಚಾ” ಎಂದೆ. ಅದು ಬಹಳ ತೆಳ್ಳಗಿತ್ತು, ಬಳಸಿ ರೂಢಿಯಿರಲಿಲ್ಲ.

ಅವರು ಬೈಯಲಿಲ್ಲ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, ಇಕಾಮಾ ಕಚೇರಿಯ ಉದ್ದನೆಯ ಮೆಟ್ಟಿಲು ದಿನಾ ಹತ್ತಿ ಇಳಿದು, ಕಾರ್ಡು ತಂದೇಬಿಟ್ಟರು. ನಾನು ಯಾದಗಿರಿಯಲ್ಲಿ ರೈಲಿಳಿದು ಮನೆ ಮುಟ್ಟುವಾಗ ಅರಿಷಿಣದ ಶಾಸ್ತ್ರ ಮುಗಿದಿತ್ತು, ಧಾರೆ ಉಳಿದಿತ್ತು. ತಂಗಿ ಅತ್ತಳು, ನಾನೂ ಅತ್ತೆ, ಆಮೇಲೆ ನನ್ನ ಅಳುವನ್ನು ಎಲ್ಲರಿಗೂ ಮಾಡಿ ತೋರಿಸಿದಳು.

ಆದರೆ ಈ ವಿಷಯ ಮುಗಿದದ್ದು ಮದುವೆಮನೆಯಲ್ಲಲ್ಲ, ಅದಕ್ಕೂ ಮೊದಲು ಚಾಚಾನ ಕೋಣೆಯ ಬಾಗಿಲಲ್ಲಿ. ಕಾರ್ಡು ಕೈಗೆ ಬಂದೊಡನೆ ನನ್ನ ಕೊಬ್ಬೂ ಮರಳಿ ಬಂದಿತ್ತು. “ನಿಮ್ಮ ದನಿ ನೀವು ವಾಪಸ್ ತಗೋರಿ ಚಾಚಾ, ಏನೂ ಸವೆದಿಲ್ಲ” ಎಂದೆ.

ಚಾಚಾ ಚಪ್ಪಲಿ ಬಿಚ್ಚುತ್ತ, ತಲೆ ಎತ್ತದೆ ಅಂದರು: “ನೀನೇ ಇಟ್ಕೋ ಬೇಟಾ. ಮುಂದಿನ ವರ್ಷ ಅದನ್ನೇ ಕಳಸು, ಮೆಟ್ಲ ಹತ್ತತದೇನು ನೋಡಮು.”