ಚೀಟಿಯ ಎರಡನೆಯ ಸಾಲು

ಅಜ್ಜಿ, ಡಾಕ್ಟರು ನಿನಗೆ ವಿಶ್ರಾಂತಿ ಹೇಳಿರಲಿಲ್ಲ. ಅದು ನಾನು ಹೇಳಿದ ಸುಳ್ಳು.

ನಾಲ್ಕು ವರ್ಷವಾಯಿತು. ನಾನಾಗ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ನೆಲದ ಮೇಲೆ ಕೂತು ಲಿಂಗಪೂಜೆ ಮುಗಿಸಿದ ಮೇಲೆ ನೀನು ಗೋಡೆ ಹಿಡಿದು ಏಳುತ್ತಿದ್ದೆ. ಕೈಯೆತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ವಿಜಯನಗರದ ಡಾಕ್ಟರು ನಿನ್ನನ್ನು ಪರೀಕ್ಷಿಸಿ, ಹೊರಗೆ ಬೆಂಚಿನ ಮೇಲೆ ಕೂರಿಸಿ, ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದರು. ನನಗೆ ಬಿಡಿಸಿಯೂ ಹೇಳಿದರು:

"ವಯಸ್ಸಾದ್ರೆ ಮಾಂಸಖಂಡ ಕರಗುತ್ತಮ್ಮ. ಪ್ರೋಟೀನ್ ಪುಡಿ ಕೊಡಿ. ಆದ್ರೆ ಬರೀ ಪುಡಿಯಿಂದ ಏನೂ ಆಗಲ್ಲ. ದಿನಾ ಕುರ್ಚಿಯಿಂದ ಹತ್ತು ಸಲ ಎಬ್ಬಿಸಿ ಕೂರಿಸಿ, ನೀರು ತುಂಬಿದ ಚೊಂಬು ಎತ್ತಿಸಿ. ಎದುರಿಗೆ ನಿಂತು ನೀವೇ ಕೈ ಹಿಡೀಬೇಕು."

ಹೊರಗೆ ಬಂದಾಗ ನೀನು ನಗುತ್ತಿದ್ದೆ. "ಏನಂದ್ರು ಡಾಕ್ಟ್ರು? ನನ್ನ ಪೈಲ್ವಾನ್ ಮಾಡ್ತಾರಂತೇನೇ?"

ನಾನು ನಗಲಿಲ್ಲ. ನಿನ್ನ ಪೂಜೆ ಮುಗಿಯುವ ಹೊತ್ತಿಗೇ ನನ್ನ ಬಸ್ಸು. ದಿನಕ್ಕೆ ಅರ್ಧ ಗಂಟೆ — ಅಷ್ಟೇ ಬೇಕಿದ್ದದ್ದು — ಅದನ್ನೇ ಕೊಡಲು ನನಗೆ...

"ಪುಡಿ ಕುಡೀಬೇಕಂತೆ ಅಜ್ಜಿ. ಜಾಸ್ತಿ ಎದ್ದು ಕೂತು ಮಾಡಬಾರದಂತೆ."

ನೀನು ಮತ್ತೆ ಕೇಳಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ.

ಪುಡಿಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಬೆಚ್ಚನೆಯ ಹಾಲಿಗೆ ಎರಡು ಚಮಚ, ಗಂಟಾಗದಂತೆ. ಆ ಶ್ರದ್ಧೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ವರ್ಷ ತುಂಬುವುದರೊಳಗೆ ನೀನು ನೆಲ ಬಿಟ್ಟೆ. ಪೂಜೆ ಮಂಚಕ್ಕೆ ಬಂತು. "ಮಂಚದ ಮೇಲೆ ಕೂತು ಮಾಡೋದೂ ಒಂದು ಪೂಜೆಯೇನೇ" ಎಂದೆ ನೀನು, ಒಮ್ಮೆ ಮಾತ್ರ. ಈಗ ಮಂಚದಿಂದ ಇಳಿಯಲು ಇಬ್ಬರು ಬೇಕು.

ನಿನ್ನೆ ಪಕ್ಕದ ಮನೆಯಾಕೆ ಬಂದಾಗ ನಾನು ಹಾಲಿನ ಲೋಟ ಹಿಡಿದು ಬಾಗಿಲಲ್ಲಿದ್ದೆ. "ನಮ್ಮನೇಲೂ ಇದಾಳೆ ಒಬ್ಳು ಮೊಮ್ಮಗಳು, ನೀರು ಕೇಳಿದ್ರೆ ರೇಡಿಯೋ ಜೋರು ಮಾಡ್ತಾಳೆ ಕಣ್ರೀ" ಎಂದರು ಆಕೆ. ನೀನು ನನ್ನತ್ತ ಕೈ ತೋರಿಸಿದೆ. "ಇವಳು ಹಂಗಲ್ಲ. ಡಾಕ್ಟ್ರು ಹೇಳಿದ್ದನ್ನ ಒಂದಕ್ಷರ ತಪ್ಪದಂಗೆ ನಡೆಸ್ಯಾಳೆ ನೋಡ್ರಿ."

ಲೋಟವನ್ನು ನಿನ್ನ ಕೈಗೆ ಕೊಟ್ಟು ಒಳಗೆ ಹೋದೆ.

ಚೀಟಿ ನನ್ನ ಬಳಿಯೇ ಇದೆ — ಹರಿದು ಹಾಕುವ ಧೈರ್ಯವೂ ಇರಲಿಲ್ಲ. ನಾಳೆ ಬೆಳಿಗ್ಗೆ ನಿನ್ನ ಪೂಜೆ ಮುಗಿದ ಮೇಲೆ ಎರಡೂ ಸಾಲುಗಳನ್ನು ಕನ್ನಡದಲ್ಲಿ ಹೇಳುತ್ತೇನೆ. ಆಮೇಲೆ ಎದುರಿಗೆ ನಿಂತು ಕೈ ಚಾಚುತ್ತೇನೆ. ನೀನು ಹಿಡಿಯದಿದ್ದರೂ, ನನ್ನ ಕೆಲಸದ ಬಸ್ಸು ಹೋದರೂ, ಅಲ್ಲೇ ನಿಂತಿರುತ್ತೇನೆ.